ವಿದ್ಯುತ್ ಕಾರಿನ ಮುಂಗಾಜು ಮತ್ತು ಗಡಿನಾಡಿನ ಕನ್ನಡ ಮಕ್ಕಳ ನಾಳಿನ ಕೆಲಸ

ಕುರುಂದವಾಡ: ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಶಿರೋಳ ತಾಲೂಕಿನ ರಸ್ತೆಗಳ ಚಹರೆಯೇ ಬದಲಾಗುತ್ತದೆ. ಎರಡೆರಡು ಟ್ರಾಲಿಗಳನ್ನು ಎಳೆದುಕೊಂಡು ಕಾರಖಾನೆಯತ್ತ ಸಾಗುವ ಟ್ರ್ಯಾಕ್ಟರುಗಳು, ಅವುಗಳ ಹಿಂದೆ ದಾರಿಗಾಗಿ ಕಾಯುವ ಕಾರು, ಬೈಕು, ಬಸ್ಸುಗಳು, ಗಾಲಿಗಳ ಅಡಿಯಿಂದ ಸಿಡಿಯುವ ಖಡಿ. ಹೀಗೆ ಸಿಡಿದ ಒಂದು ಹರಳು ಹಿಂದಿನ ವಾಹನದ ಮುಂಗಾಜಿಗೆ ತಗುಲಿ ಬಿರುಕು ಮೂಡುವುದು ಈ ಭಾಗದಲ್ಲಿ ಹೊಸ ಸಂಗತಿಯೇನಲ್ಲ. ಹಿಂದೆ ಅದಕ್ಕೆ ಪರಿಹಾರವೂ ಸರಳವಾಗಿತ್ತು. ಇಚಲಕರಂಜಿಯಲ್ಲೋ ಸಾಂಗಲಿಯಲ್ಲೋ ಗಾಜು ಕೂಡಿಸುವವನ ಅಂಗಡಿಗೆ ಹೋದರೆ ಮಧ್ಯಾಹ್ನದೊಳಗೆ ಹೊಸ ಗಾಜು ಕೂಡುತ್ತಿತ್ತು. ಇಂದು ರಸ್ತೆಗಿಳಿಯುತ್ತಿರುವ ವಿದ್ಯುತ್ ಎಸ್‌ಯುವಿಗಳ ವಿಷಯದಲ್ಲಿ ಆ ಸರಳತೆ ಉಳಿದಿಲ್ಲ. ಈ ಬದಲಾವಣೆ ಕಾರು ಕೊಳ್ಳುವ ಕೆಲವೇ ಕುಟುಂಬಗಳ ಚಿಂತೆಯೆಂದು ನಾವು ಸುಮ್ಮನಿರುವಂತಿಲ್ಲ. ಗಾಜು ಕೂಡಿಸುವ ಕೆಲಸ ಮುಂದೆ ಯಾರ ಕೈಗೆ ಸೇರುತ್ತದೆ ಎಂಬುದು ಕನ್ನಡ ಶಾಲೆಗಳಲ್ಲಿ ಕಲಿಯುತ್ತಿರುವ ನಮ್ಮ ಮಕ್ಕಳಿಗೆ ನೇರವಾಗಿ ಸಂಬಂಧಿಸಿದ ಪ್ರಶ್ನೆ.

ಗಾಜು ಈಗ ಬರೀ ಗಾಜಲ್ಲ

ವಾಹನದ ಮುಂಗಾಜು ಎರಡು ಹಾಳೆ ಗಾಜುಗಳ ನಡುವೆ ಪ್ಲಾಸ್ಟಿಕ್ ಪದರವೊಂದನ್ನು ಬೆಸೆದು ಮಾಡಿದ್ದು. ಒಡೆದರೂ ಚೂರುಗಳು ಆ ಪದರಕ್ಕೆ ಅಂಟಿಕೊಂಡೇ ಉಳಿಯುತ್ತವೆ. ಫ್ರಾನ್ಸಿನ ಎದ್ವಾರ್ ಬೆನೆಡಿಕ್ಟಸ್ ಇಂಥ ಗಾಜಿಗೆ ಪೇಟೆಂಟ್ ಪಡೆದದ್ದು 1909ರಲ್ಲಿ. ನಮ್ಮಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮವು ಮುಂಗಾಜಿಗೆ ಈ ಬಗೆಯ ಸುರಕ್ಷಾ ಗಾಜನ್ನೇ ವಿಧಿಸಿದೆ. ಅದರ ಮೂಲಕ ಕನಿಷ್ಠ ಶೇ. 70ರಷ್ಟು ಬೆಳಕು ಹಾಯಬೇಕು. ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ಸುಪ್ರೀಂ ಕೋರ್ಟು 2012ರಲ್ಲಿ ನಿಷೇಧಿಸಿದ್ದು ಇದೇ ನಿಯಮದ ಆಧಾರದ ಮೇಲೆ.

ಈ ಹಳೆಯ ಗಾಜಿನ ಮೇಲೆ ಈಗ ಹಲವು ಹೊಸ ಹೊಣೆಗಳು ಬಂದು ಕೂತಿವೆ. ಪುಣೆ ಬಳಿಯ ಚಾಕಣದಲ್ಲಿ ತಯಾರಾಗುವ ಮಹೀಂದ್ರಾ ಬಿಇ 6 ಮತ್ತು ಎಕ್ಸ್‌ಇವಿ 9ಇ 2024ರ ನವೆಂಬರ್ 26ರಂದು ಅನಾವರಣಗೊಂಡವು. 2025ರ ಜನವರಿಯಲ್ಲಿ ಹ್ಯುಂಡೈ ಕ್ರೆಟಾ ಎಲೆಕ್ಟ್ರಿಕ್, ಜೂನ್‌ನಲ್ಲಿ ಟಾಟಾ ಹ್ಯಾರಿಯರ್ ಇವಿ ಬಂದವು. ಇಂಥ ಕಾರುಗಳ ಮೇಲ್ದರ್ಜೆಯ ಮಾದರಿಗಳಲ್ಲಿ ಹಿಂಬದಿ ನೋಡುವ ಕನ್ನಡಿಯ ಹತ್ತಿರ, ಮುಂಗಾಜಿನ ಒಳಮೈಗೆ ಹೊಂದಿಕೊಂಡು ಒಂದು ಕ್ಯಾಮೆರಾ ಇರುತ್ತದೆ. ಅದು ಗಾಜಿನ ಮೂಲಕ ರಸ್ತೆಯನ್ನು ನೋಡುತ್ತದೆ. ಲೇನ್ ಗೆರೆ, ಮುಂದಿನ ವಾಹನ, ದಾರಿಗೆ ಅಡ್ಡ ಬಂದ ಮನುಷ್ಯ ಇವನ್ನು ಗುರುತಿಸುತ್ತದೆ. ಅಪಾಯ ಕಂಡರೆ ತಾನೇ ಬ್ರೇಕು ಒತ್ತುವಂತೆ ಮಾಡುತ್ತದೆ. ಚಾಲಕ ನೆರವು ವ್ಯವಸ್ಥೆ, ಅಂದರೆ ಎಡಾಸ್ ಎನ್ನುವುದು ಇದನ್ನೇ.

ಇಷ್ಟೇ ಅಲ್ಲ. ಮಳೆಹನಿ ಬಿದ್ದೊಡನೆ ವೈಪರನ್ನು ಚಾಲೂ ಮಾಡುವ ಸಂವೇದಕವೂ ಗಾಜಿಗೇ ಅಂಟಿಕೊಂಡಿರುತ್ತದೆ. ವೇಗ ಮತ್ತು ದಾರಿಯ ಸೂಚನೆಗಳನ್ನು ಗಾಜಿನ ಮೇಲೆಯೇ ಬಿಂಬಿಸುವ ವ್ಯವಸ್ಥೆ ಇದ್ದರೆ, ಒಳಗಿನ ಪ್ಲಾಸ್ಟಿಕ್ ಪದರವನ್ನು ಮೇಲೆ ದಪ್ಪ, ಕೆಳಗೆ ತೆಳು ಮಾಡಿರುತ್ತಾರೆ. ಇಲ್ಲವಾದರೆ ಅಂಕಿಗಳು ಜೋಡಿಯಾಗಿ ಕಾಣುತ್ತವೆ. ಎಂಜಿನ್ನಿನ ಸದ್ದಿಲ್ಲದ ವಿದ್ಯುತ್ ಕಾರಿನಲ್ಲಿ ಗಾಳಿಯ ಸದ್ದು ಹೆಚ್ಚು ಕೇಳಿಸುವುದರಿಂದ ಸದ್ದು ತಗ್ಗಿಸುವ ಪದರವಿರುವ ಗಾಜನ್ನು ಬಳಸುವುದೂ ಉಂಟು. ಹೊರಗಿನಿಂದ ಒಂದೇ ಥರ ಕಾಣುವ ಎರಡು ಗಾಜುಗಳು ಒಳಗೆ ಬೇರೆ ಬೇರೆಯಾಗಿರಬಹುದು.

ಕ್ಯಾಮೆರಾ ಪೆಟ್ರೋಲ್ ಕಾರುಗಳಲ್ಲೂ ಇದೆ, ನಿಜ. ಆದರೆ ಹೊಸ ತಂತ್ರಜ್ಞಾನವೆಲ್ಲ ಒಟ್ಟಾಗಿ ಬರುತ್ತಿರುವುದು ವಿದ್ಯುತ್ ಎಸ್‌ಯುವಿಗಳಲ್ಲಿ. ಮುಂದಿನ ಸರದಿ ಬಸ್ಸು, ಲಾರಿಗಳದು. ದೊಡ್ಡ ಪ್ರಯಾಣಿಕ ಮತ್ತು ಸರಕು ವಾಹನಗಳಿಗೆ ತುರ್ತು ಬ್ರೇಕು ಹಾಗೂ ಲೇನ್ ತಪ್ಪಿದರೆ ಎಚ್ಚರಿಸುವ ವ್ಯವಸ್ಥೆಯನ್ನು ಕಡ್ಡಾಯಗೊಳಿಸುವ ಕರಡನ್ನು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2025ರ ಮಾರ್ಚ್‌ನಲ್ಲಿ ಪ್ರಕಟಿಸಿತು. ಲಾರಿ ಓಡಿಸಿ ಬದುಕುವ ಗಡಿಭಾಗದ ಕುಟುಂಬಗಳಿಗೂ ಈ ಮಾತು ಬೇಗನೆ ತಟ್ಟಲಿದೆ.

ಒಂದು ಡಿಗ್ರಿಯ ಲೆಕ್ಕ

ಹೊಸ ಗಾಜು ಕೂಡಿಸಿದ ಮೇಲೆ ಕ್ಯಾಮೆರಾವನ್ನು ಮರಳಿ ಹೊಂದಿಸಬೇಕು. ಇದಕ್ಕೆ ಕ್ಯಾಲಿಬ್ರೇಶನ್ ಎನ್ನುತ್ತಾರೆ. ಇದೇಕೆ ಬೇಕೆಂಬುದನ್ನು ತಿಳಿಯಲು ಎಂಜಿನಿಯರ್ ಆಗಬೇಕಿಲ್ಲ, ಹತ್ತನೆಯ ತರಗತಿಯ ತ್ರಿಕೋನಮಿತಿ ಸಾಕು. ಕ್ಯಾಮೆರಾದ ದೃಷ್ಟಿ ಒಂದೇ ಒಂದು ಡಿಗ್ರಿ ಪಕ್ಕಕ್ಕೆ ಸರಿದಿದೆ ಎಂದುಕೊಳ್ಳೋಣ. ಒಂದು ಡಿಗ್ರಿಯ ಟ್ಯಾನ್ ಬೆಲೆ ಸುಮಾರು 0.0175. ಅಂದರೆ 50 ಮೀಟರ್ ದೂರದಲ್ಲಿ ಸುಮಾರು 87 ಸೆಂಟಿಮೀಟರ್, 100 ಮೀಟರ್ ದೂರದಲ್ಲಿ ಸುಮಾರು 1.75 ಮೀಟರ್ ವ್ಯತ್ಯಾಸ. ಹೆದ್ದಾರಿಯ ಒಂದು ಲೇನಿನ ಅಗಲ 3.5 ಮೀಟರ್, ಅದರ ಅರ್ಧದಷ್ಟು ತಪ್ಪು ಇದು. ಪಕ್ಕದ ಲೇನಿನಲ್ಲಿರುವ ಕಬ್ಬಿನ ಟ್ರಾಲಿ ತನ್ನೆದುರೇ ಇದೆಯೆಂದು ಕಾರು ಭಾವಿಸಬಹುದು. ಎದುರಿಗಿರುವುದನ್ನು ಪಕ್ಕದಲ್ಲಿದೆ ಎಂದೂ ಭಾವಿಸಬಹುದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ 50 ಮೀಟರ್ ಕ್ರಮಿಸಲು ಬೇಕಾಗುವುದು ಮೂರೇ ಸೆಕೆಂಡು.

ಹೊಂದಿಸುವ ವಿಧಾನಗಳು ಎರಡು. ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಅಳತೆ ಮಾಡಿದ ದೂರದಲ್ಲಿ ಗುರುತಿನ ಫಲಕವಿಟ್ಟು, ಗಣಕಯಂತ್ರದ ಮೂಲಕ ಕ್ಯಾಮೆರಾಕ್ಕೆ ಅದನ್ನು ತೋರಿಸುವುದು ಮೊದಲನೆಯದು. ಇದಕ್ಕೆ ವಿಶಾಲ ಜಾಗ, ಹದವಾದ ಬೆಳಕು, ತಯಾರಕರು ಒಪ್ಪಿದ ಉಪಕರಣ ಬೇಕು. ರಸ್ತೆಬದಿಯ ಗ್ಯಾರೇಜಿನಲ್ಲಿ ಇವು ಸಿಗುವುದು ಕಷ್ಟ. ಗೆರೆಗಳು ಸ್ಪಷ್ಟವಾಗಿರುವ ರಸ್ತೆಯಲ್ಲಿ ನಿಗದಿತ ವೇಗದಿಂದ ಕಾರು ಓಡಿಸಿ ಕ್ಯಾಮೆರಾ ತಾನೇ ಕಲಿಯುವಂತೆ ಮಾಡುವುದು ಎರಡನೆಯದು. ಗೆರೆ ಮಾಸಿದ ತಾಲೂಕು ರಸ್ತೆಗಳಲ್ಲಿ ಇದು ಸಾಗದು, ಹೆದ್ದಾರಿಯನ್ನೇ ಹುಡುಕಬೇಕು. ಕೆಲವು ಕಾರುಗಳಿಗೆ ಎರಡೂ ಬೇಕಾಗುತ್ತವೆ. ಅದಕ್ಕೂ ಮೊದಲು ಗಾಜು ಅಂಟಿಸಿದ ಗಮ್ ಗಟ್ಟಿಯಾಗುವ ತನಕ ಕಾರು ಕದಲಿಸದೆ ಕಾಯಬೇಕು.

ಇಲ್ಲಿ ಪಾಲಕರು ಗಮನಿಸಬೇಕಾದ ಸಂಗತಿಯೊಂದಿದೆ. ಗಾಜಿನ ಮೂಲಕ ಹಾಯುವ ಬೆಳಕು ಬಾಗುವ ಪಾಠ, ಮಸೂರದ ಪಾಠ, ತ್ರಿಕೋನಮಿತಿ ಈ ಮೂರೂ ಮಹಾರಾಷ್ಟ್ರದ ಹತ್ತನೆಯ ತರಗತಿಯ ಪುಸ್ತಕಗಳಲ್ಲಿವೆ. ಪುಣೆಯ ಬಾಲಭಾರತಿ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಹೊರತರುತ್ತದೆ. ಈ ಕೆಲಸಕ್ಕೆ ಬೇಕಾದ ಮೂಲ ವಿಜ್ಞಾನವನ್ನು ನಮ್ಮ ಮಕ್ಕಳು ಕನ್ನಡದಲ್ಲಿಯೇ ಕಲಿಯುತ್ತಿದ್ದಾರೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ತಂತ್ರಜ್ಞಾನ ದೂರ ಎಂಬ ಮಾತಿಗೆ ಇಲ್ಲಿ ಆಧಾರವಿಲ್ಲ. ಕೊರತೆಯಿರುವುದು ಹತ್ತನೆಯ ತರಗತಿಯಿಂದ ಆ ಕಾರ್ಯಾಗಾರದ ತನಕದ ದಾರಿಯಲ್ಲಿ.

ವಿಮೆ, ಫಾಸ್ಟ್ಯಾಗ್ ಮತ್ತು ಗ್ರಾಹಕನ ಹಕ್ಕು

ಹಣದ ವಿಷಯಕ್ಕೆ ಬರೋಣ. ತೃತೀಯ ಪಕ್ಷದ ವಿಮೆ ಮಾತ್ರ ಇದ್ದರೆ ಸ್ವಂತ ಕಾರಿನ ಗಾಜಿಗೆ ಒಂದು ರೂಪಾಯಿಯೂ ಸಿಗದು. ಸಮಗ್ರ ವಿಮೆಯಿದ್ದರೆ, ನಮ್ಮ ದೇಶದ ರೂಢಿಯ ಪಾಲಿಸಿಯಲ್ಲಿ ಗಾಜಿನ ಭಾಗಗಳಿಗೆ ಸವಕಳಿ ಕಡಿತವಿಲ್ಲ. ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ಶೇ. 50ರಷ್ಟು ಕಡಿತವಿದೆ. ಇದರ ಜೊತೆಗೆ ಕಡ್ಡಾಯ ಕಡಿತದ ಮೊತ್ತವನ್ನು ನಾವೇ ಭರಿಸಬೇಕು. ಒಮ್ಮೆ ಕ್ಲೇಮು ಮಾಡಿದರೆ, ವರ್ಷ ವರ್ಷಕ್ಕೆ ಶೇ. 20ರಿಂದ ಶೇ. 50ರವರೆಗೆ ಏರುವ ನೋ ಕ್ಲೇಮ್ ಬೋನಸ್ಸು, ಅದರ ರಕ್ಷಣೆಯ ಹೆಚ್ಚುವರಿ ಕರಾರು ಇಲ್ಲದಿದ್ದರೆ, ಕೈತಪ್ಪುತ್ತದೆ. ಗಮ್ಮಿನಂಥ ಬಳಕೆಯ ವಸ್ತುಗಳಿಗೂ ಕ್ಯಾಲಿಬ್ರೇಶನ್ ಶುಲ್ಕಕ್ಕೂ ವಿಮೆ ಅನ್ವಯಿಸುತ್ತದೆಯೇ ಎಂದು ಕೆಲಸಕ್ಕೆ ಮೊದಲೇ ಬರವಣಿಗೆಯಲ್ಲಿ ಕೇಳಿ ಪಡೆಯುವುದು ಲೇಸು. ನಾಣ್ಯಕ್ಕಿಂತ ಚಿಕ್ಕದಾದ ಚಿಪ್ಪೆದ್ದ ಗುರುತು ಕ್ಯಾಮೆರಾದ ಎದುರಾಗಲಿ ಚಾಲಕನ ಕಣ್ಣೆದುರಾಗಲಿ ಇಲ್ಲದಿದ್ದರೆ, ರಾಳ ತುಂಬಿಸಿ ದುರಸ್ತಿ ಮಾಡಿಸಲು ಅನೇಕ ಸಲ ಸಾಧ್ಯ. ಬಿಸಿಲಿಗೆ ಅದು ಹಬ್ಬುವ ಮೊದಲೇ ತೋರಿಸಬೇಕು.

ಗಾಜಿನೊಡನೆ ಫಾಸ್ಟ್ಯಾಗೂ ಹೋಗುತ್ತದೆ. ಕಿತ್ತರೆ ಕೆಡುವಂತೆಯೇ ಅದನ್ನು ಮಾಡಿರುವುದರಿಂದ ಹಳೆಯದನ್ನು ಮತ್ತೆ ಅಂಟಿಸಲಾಗದು; ಕೊಟ್ಟ ಬ್ಯಾಂಕಿನಿಂದಲೇ ಬದಲಿ ಪಡೆಯಬೇಕು. ಗಾಜಿಗೆ ಅಂಟಿಸದೆ ಕೈಯಲ್ಲಿ ಹಿಡಿದು ತೋರಿಸುವ ಟ್ಯಾಗುಗಳನ್ನು ಕಪ್ಪುಪಟ್ಟಿಗೆ ಸೇರಿಸುವ ಕ್ರಮವನ್ನು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ 2025ರ ಜುಲೈನಲ್ಲಿ ಬಿಗಿಗೊಳಿಸಿದೆ. ಕಿಣಿ, ಕೊಗನೊಳ್ಳಿ ಟೋಲ್‌ ನಾಕೆಗಳನ್ನು ಮೇಲಿಂದ ಮೇಲೆ ದಾಟುವ ನಮ್ಮವರು ಇದನ್ನು ನೆನಪಿಡಬೇಕು.

ಗಡಿಯವರಿಗೆ ಉಪಯುಕ್ತವಾದ ಕಾನೂನೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಬೆಳಗಾವಿಯಲ್ಲಿ ಕಾರು ಕೊಂಡ ಕುರುಂದವಾಡದ ಗ್ರಾಹಕರು ಕೊಲ್ಹಾಪುರದ ಜಿಲ್ಲಾ ಆಯೋಗಕ್ಕೆ ಹೋದರೆ ಸಾಕು. ಪಾವತಿಸಿದ ಮೊತ್ತ 50 ಲಕ್ಷ ರೂಪಾಯಿ ಮೀರದ ಪ್ರಕರಣಗಳು ಅಲ್ಲಿಗೇ ಬರುತ್ತವೆ. 5 ಲಕ್ಷದವರೆಗೆ ಶುಲ್ಕವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದರೆ 17 ಭಾಷೆಗಳಲ್ಲಿ ಮಾತಾಡಬಹುದು, ಕನ್ನಡವೂ ಅವುಗಳಲ್ಲಿ ಒಂದು. ಮಹಾರಾಷ್ಟ್ರದಲ್ಲಿ ವಾಸಿಸುತ್ತೇವೆಂಬ ಕಾರಣಕ್ಕೆ ಈ ಸೌಲಭ್ಯ ತಪ್ಪುವುದಿಲ್ಲ.

ಕೆಲಸ ಯಾರ ಕೈಗೆ?

ಇನ್ನು ಮುಖ್ಯ ಪ್ರಶ್ನೆ. ಗಾಜು ಕೂಡಿಸುವುದು ಕೈಚಳಕದ ಕೆಲಸವಾಗಿದ್ದಾಗ ಏಳನೆಯ ತರಗತಿಗೆ ಶಾಲೆ ಬಿಟ್ಟ ಹುಡುಗನೂ ಮಿಸ್ತ್ರಿಯ ಕೈಕೆಳಗೆ ನಿಂತು ಕಲಿತು ಬದುಕು ಕಟ್ಟಿಕೊಳ್ಳುತ್ತಿದ್ದ. ಅಲ್ಲಿ ಕಲಿಕೆಯ ಭಾಷೆ ಮನೆಮಾತೇ ಆಗಿತ್ತು, ಕನ್ನಡವೋ ಮರಾಠಿಯೋ. ಈಗ ಗಾಜಿನ ಸಂಖ್ಯೆ ಓದಬೇಕು, ಪರದೆಯ ಮೇಲಿನ ಸೂಚನೆ ಅನುಸರಿಸಬೇಕು, ತಯಾರಕರ ತಂತ್ರಾಂಶಕ್ಕೆ ಪ್ರವೇಶಾಧಿಕಾರ ಬೇಕು. ಅವೆಲ್ಲ ಬಹುಮಟ್ಟಿಗೆ ಇಂಗ್ಲಿಷಿನಲ್ಲಿವೆ. ಆದ್ದರಿಂದ ಇದು ಮರಾಠಿಯೊಡನೆ ಕನ್ನಡದ ಜಗಳವಲ್ಲ. ನೆರೆಮನೆಯ ಮರಾಠಿ ಮಾಧ್ಯಮದ ಮಗುವೂ ಇದೇ ಬಾಗಿಲ ಹೊರಗೆ ನಿಂತಿದೆ. ನಮ್ಮ ಮಗುವಿಗೆ ದಾಟಬೇಕಾದ ಹೊಸ್ತಿಲು ಒಂದು ಹೆಚ್ಚು, ಅಷ್ಟೇ.

ಸಂವಿಧಾನಕ್ಕೆ 1956ರಲ್ಲಿ ಸೇರಿದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಲಭ್ಯ ಒದಗಿಸುವಂತೆ ಹೇಳುತ್ತದೆ. ಅದರ ಮಾತು ಪ್ರಾಥಮಿಕ ಹಂತಕ್ಕೇ ನಿಲ್ಲುತ್ತದೆ. ಮುಂದೇನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. ಜೆಇಇ ಮೇನ್ ಪರೀಕ್ಷೆ 2021ರಿಂದ ಕನ್ನಡವೂ ಸೇರಿ 13 ಭಾಷೆಗಳಲ್ಲಿ ನಡೆಯುತ್ತಿದೆ. ಆದರೆ ಕನ್ನಡ ಪ್ರಶ್ನೆಪತ್ರಿಕೆ ದೊರೆಯುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಕೊಲ್ಹಾಪುರದ ಕೇಂದ್ರದಲ್ಲಿ ಪರೀಕ್ಷೆ ಬರೆಯುವ ಗಡಿನಾಡಿನ ಮಗುವಿಗೆ ಹತ್ತು ವರ್ಷ ಓದಿದ ಭಾಷೆ ಸಿಗುವುದಿಲ್ಲ. ಐಟಿಐ ಹಂತದಲ್ಲಿ ಪರಿಸ್ಥಿತಿ ಕೊಂಚ ಆಶಾದಾಯಕ. ವಿದ್ಯುತ್ ವಾಹನ ಮೆಕ್ಯಾನಿಕ್ ಎಂಬ ತರಬೇತಿ ಈಗ ದೇಶದ ಐಟಿಐ ಪಟ್ಟಿಯಲ್ಲಿದೆ. ಐಟಿಐ ಪುಸ್ತಕಗಳನ್ನು ಸಿದ್ಧಪಡಿಸುವ ಚೆನ್ನೈನ ರಾಷ್ಟ್ರೀಯ ಬೋಧನಾ ಮಾಧ್ಯಮ ಸಂಸ್ಥೆ ಪ್ರಾದೇಶಿಕ ಭಾಷೆಗಳಲ್ಲಿಯೂ ಕೆಲಸ ಮಾಡುತ್ತದೆ. ಇವೆರಡನ್ನೂ ನಮ್ಮ ತಾಲೂಕುಗಳ ತನಕ ತರಬೇಕಾಗಿದೆ.

ತಂತ್ರಾಂಶದ ಬೀಗದ ಪ್ರಶ್ನೆಯೂ ಉಳಿದಿದೆ. ಅಮೆರಿಕೆಯ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿ, ಮತ್ತೆ 2020ರಲ್ಲಿ, ವಾಹನ ದುರಸ್ತಿಯ ಮಾಹಿತಿ ಸ್ವತಂತ್ರ ಗ್ಯಾರೇಜುಗಳಿಗೂ ಸಿಗಬೇಕೆಂದು ಮತ ಹಾಕಿದರು. ನಮ್ಮಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಸಮಿತಿ ನೇಮಿಸಿ, ಅದೇ ವರ್ಷದ ಡಿಸೆಂಬರ್ 24ರಂದು ದುರಸ್ತಿ ಹಕ್ಕಿನ ಜಾಲತಾಣ ಆರಂಭಿಸಿತು. ವಾಹನ ಕ್ಷೇತ್ರವೂ ಅದರಲ್ಲಿದೆ. ಆದರೆ ಜಾಲತಾಣ ಕಾನೂನಿನ ಬಲಕ್ಕೆ ಸಮನಲ್ಲ. ಸುರಕ್ಷತೆಯ ಹೆಸರಿನಲ್ಲಿ ಅರೆಬರೆ ಕಲಿತವರು ಕ್ಯಾಮೆರಾ ಮುಟ್ಟಬಾರದೆಂಬ ತಯಾರಕರ ವಾದದಲ್ಲಿ ಹುರುಳಿದೆ. ಹಾಗಾದರೆ ಕಲಿಸಿ, ಪರೀಕ್ಷಿಸಿ, ಪ್ರಮಾಣಪತ್ರ ಕೊಡಿ ಎನ್ನುವುದೇ ನ್ಯಾಯವಾದ ಉತ್ತರ. ಬೀಗ ಹಾಕುವುದು ಉತ್ತರವಲ್ಲ.

ನಾವು ಕೇಳಬೇಕಾದದ್ದು

ಕಾರುಳ್ಳ ಕುಟುಂಬಗಳು ಸರ್ವಿಸ್ ಸೆಂಟರಿನಲ್ಲಿ ನಾಲ್ಕು ಪ್ರಶ್ನೆಗಳನ್ನು ಬಿಡದೆ ಕೇಳಬೇಕು. ಕೂಡಿಸುವ ಗಾಜು ನನ್ನ ಮಾದರಿಯ ಕ್ಯಾಮೆರಾಕ್ಕೂ ಬಿಂಬಕ್ಕೂ ಹೊಂದುವಂಥದೇ? ಕ್ಯಾಲಿಬ್ರೇಶನ್ ಮಾಡಿದ ಮುದ್ರಿತ ವರದಿ ಕೊಡುತ್ತೀರಾ? ಎಷ್ಟು ಗಂಟೆ ಕಾರು ಓಡಿಸಬಾರದು? ವಿಮೆ ಯಾವುದಕ್ಕೆ ಇಲ್ಲ? ಉತ್ತರ ಅರ್ಥವಾಗದಿದ್ದರೆ ಅರ್ಥವಾಗುವ ಭಾಷೆಯಲ್ಲಿ ಹೇಳಿಸಿಕೊಂಡ ಮೇಲಷ್ಟೇ ಸಹಿ ಹಾಕಬೇಕು. ಓದಲು ಬಾರದ ಕಾಗದಕ್ಕೆ ಸಹಿ ಮಾಡಬಾರದೆಂದು ಮಕ್ಕಳಿಗೆ ಹೇಳುವ ನಾವು ಅದನ್ನು ಮೊದಲು ಪಾಲಿಸಬೇಕಲ್ಲವೇ?

ಕಾರಿಲ್ಲದ ಕುಟುಂಬಗಳ ಕೆಲಸ ಇದಕ್ಕಿಂತ ದೊಡ್ಡದು. ಮುಂದಿನ ಶಾಲಾ ವ್ಯವಸ್ಥಾಪನ ಸಮಿತಿಯ ಸಭೆಯಲ್ಲಿ ಮೂರು ಠರಾವುಗಳನ್ನು ಮಂಡಿಸಬಹುದು. ಶಿರೋಳ, ಗಡಹಿಂಗ್ಲಜ ಭಾಗದ ಐಟಿಐಗಳಲ್ಲಿ ವಿದ್ಯುತ್ ವಾಹನದ ತರಬೇತಿಗೆ ಆದ್ಯತೆ, ಅದರೊಡನೆ ಕನ್ನಡ ಪುಸ್ತಕಗಳು. ಕೊಲ್ಹಾಪುರ, ಸಾಂಗಲಿ, ಸೋಲಾಪುರಗಳ ಜೆಇಇ ಕೇಂದ್ರಗಳಲ್ಲಿಯೂ ಕನ್ನಡ ಪ್ರಶ್ನೆಪತ್ರಿಕೆ. ಒಂಬತ್ತು, ಹತ್ತನೆಯ ತರಗತಿಯ ಮಕ್ಕಳಿಗೆ ವರ್ಷಕ್ಕೊಮ್ಮೆಯಾದರೂ ಆಧುನಿಕ ವಾಹನ ಕಾರ್ಯಾಗಾರದ ಭೇಟಿ. ಮೂರನೆಯದಕ್ಕೆ ಸರಕಾರದ ಆದೇಶ ಬೇಕಿಲ್ಲ, ಒಬ್ಬ ಶಿಕ್ಷಕ ಮತ್ತು ಹತ್ತು ಪಾಲಕರು ಮನಸ್ಸು ಮಾಡಿದರೆ ಸಾಕು. ಉಳಿದೆರಡಕ್ಕೆ ಅರ್ಜಿ, ಸಹಿ ಮತ್ತು ತಾಳ್ಮೆ ಬೇಕು. ಗಡಿಯ ಕನ್ನಡ ಶಾಲೆಗಳು ಇಷ್ಟು ಕಾಲ ಉಳಿದುಬಂದದ್ದೂ ಇಂಥ ಅರ್ಜಿ, ಸಹಿ, ತಾಳ್ಮೆಗಳಿಂದಲೇ.