ಮೊಬೈಲಿನ ಮೇಲೆ ಗೂಬೆ ಕೂರಿಸಿದರೆ ಕಣ್ಣು ಉಳಿದೀತೇ?

ಹಿಂದಿನ ಬೆಂಚಿನಿಂದ ಕರಿಹಲಗೆ ಕಾಣಿಸದು ಎಂದು ದೂರುವ ಮಗುವಿಗೆ ಮಲೆನಾಡಿನ ಮನೆಗಳಲ್ಲಿ ಇಂದು ದೊರೆಯುವ ಉತ್ತರ ಒಂದೇ: "ಎಲ್ಲಾ ಆ ಮೊಬೈಲಿನಿಂದ." ಪಾಲಕರು ಹೀಗೆನ್ನುತ್ತಾರೆ, ಶಿಕ್ಷಕರು ತಲೆದೂಗುತ್ತಾರೆ, ಆಡಳಿತ ಮಂಡಳಿಯವರು ವಾರ್ಷಿಕೋತ್ಸವದ ಭಾಷಣದಲ್ಲಿ ಅದನ್ನೇ ಪುನರುಚ್ಚರಿಸುತ್ತಾರೆ. ಬಳಿಕ ಮೊಬೈಲನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಅದೇ ಮಗುವನ್ನು ನಸುಕಿನ ಐದಕ್ಕೆ ಎಬ್ಬಿಸಿ ಟ್ಯೂಬ್‌ಲೈಟಿನ ಕೆಳಗೆ ಪುಸ್ತಕದ ಮುಂದೆ ಕೂರಿಸಲಾಗುತ್ತದೆ. ಹಿರಿಯರಿಗೆಲ್ಲ ಸಮಾಧಾನ.

ಮೊಬೈಲು ನಿರಪರಾಧಿಯೆಂದು ಯಾರೂ ಹೇಳಲಾರರು. 45 ಅಧ್ಯಯನಗಳನ್ನೂ ಸುಮಾರು 3.35 ಲಕ್ಷ ಜನರನ್ನೂ ಒಳಗೊಂಡು 2025ರಲ್ಲಿ ಪ್ರಕಟವಾದ ಪರಾಮರ್ಶೆಯೊಂದು, ದಿನಕ್ಕೆ ಪರದೆಯ ಮುಂದೆ ಕಳೆಯುವ ಪ್ರತಿ ಹೆಚ್ಚುವರಿ ಗಂಟೆಗೆ ಸಮೀಪದೃಷ್ಟಿಯ ಸಂಭವ ಸುಮಾರು ಶೇಕಡಾ 21ರಷ್ಟು ಏರುವುದನ್ನು ಗುರುತಿಸಿದೆ. ಆದರೆ ಪರದೆಯೊಂದೇ ಮೂಲವೆನ್ನುವವರು ಇತಿಹಾಸಕ್ಕೆ ಉತ್ತರ ಕೊಡಬೇಕಾಗುತ್ತದೆ. ಹರ್ಮನ್ ಕೋಹ್ನ್ ಎಂಬ ನೇತ್ರವೈದ್ಯ ಬ್ರೆಸ್ಲಾವ್ ಪ್ರದೇಶದ 10,060 ಶಾಲಾಮಕ್ಕಳ ಕಣ್ಣು ಪರೀಕ್ಷಿಸಿ 1867ರಲ್ಲಿ ವರದಿ ಪ್ರಕಟಿಸಿದ. ತರಗತಿ ಏರಿದಂತೆ, ಓದು ಹೆಚ್ಚಿದಂತೆ ಸಮೀಪದೃಷ್ಟಿಯೂ ಹೆಚ್ಚುತ್ತಿತ್ತು. ಆಗ ಶಾಲೆಗಳಲ್ಲಿ ವಿದ್ಯುದ್ದೀಪವೇ ಇರಲಿಲ್ಲ, ಪರದೆಯ ಮಾತೆಲ್ಲಿ?

ಹಾಗಾದರೆ ಪುಸ್ತಕವೇ ಅಪರಾಧಿಯೇ? ಇಲ್ಲಿಯೇ ಕಥೆ ಬೇರೆ ತಿರುವು ಪಡೆಯುತ್ತದೆ. ಸಿಡ್ನಿ ಮತ್ತು ಸಿಂಗಪುರಗಳಲ್ಲಿ ನೆಲೆಸಿದ ಚೀನೀ ಮೂಲದ ಆರೇಳು ವರ್ಷದ ಮಕ್ಕಳನ್ನು ಹೋಲಿಸಿದ ಅಧ್ಯಯನ 2008ರಲ್ಲಿ ಹೊರಬಂತು. ಸಿಂಗಪುರದಲ್ಲಿ ಶೇಕಡಾ 29.1 ಮಕ್ಕಳಿಗೆ ಸಮೀಪದೃಷ್ಟಿಯಿತ್ತು, ಸಿಡ್ನಿಯಲ್ಲಿ ಕೇವಲ 3.3 ಮಂದಿಗೆ. ವಿಚಿತ್ರವೆಂದರೆ ವಾರಕ್ಕೆ ಹೆಚ್ಚು ಪುಸ್ತಕ ಓದುತ್ತಿದ್ದವರು ಸಿಡ್ನಿಯ ಮಕ್ಕಳೇ! ಎದ್ದು ಕಂಡ ವ್ಯತ್ಯಾಸ ಬಯಲಿನದು. ಅವರು ವಾರಕ್ಕೆ ಹೆಚ್ಚುಕಡಿಮೆ 14 ಗಂಟೆ ಹೊರಗಿರುತ್ತಿದ್ದರು, ಸಿಂಗಪುರದ ಮಕ್ಕಳು ಮೂರು ಗಂಟೆ.

ಸಮೀಪದೃಷ್ಟಿ ಎಂದರೆ ಬಹುಮಟ್ಟಿಗೆ ಕಣ್ಣುಗುಡ್ಡೆ ಹಿಂದಕ್ಕೆ ಅತಿಯಾಗಿ ಬೆಳೆಯುವುದು. ವಯಸ್ಕರ ಕಣ್ಣಿನ ಉದ್ದ ಸುಮಾರು 24 ಮಿಲಿಮೀಟರ್. ಅದು ಒಂದೇ ಮಿಲಿಮೀಟರ್ ಹೆಚ್ಚಿದರೂ ಕನ್ನಡಕದ ಪವರು ಎರಡೂವರೆ, ಮೂರು ಡಯಾಪ್ಟರ್‌ಗೆ ಹೋಗುತ್ತದೆ. ಪ್ರಖರ ಬೆಳಕು ಬಿದ್ದಾಗ ಅಕ್ಷಿಪಟಲದಲ್ಲಿ ಡೋಪಮೈನ್ ಸ್ರವಿಸುತ್ತದೆ. ಅದು ಈ ಬೆಳವಣಿಗೆಗೆ ಕಡಿವಾಣ ಹಾಕುತ್ತದೆಂಬುದು ಕೋಳಿಮರಿ ಮೊದಲಾದ ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ಮೂಡಿದ ತಿಳುವಳಿಕೆ. ದಟ್ಟ ನೆರಳಿನ ಸಸಿಮಡಿಯಲ್ಲಿ ಅಡಿಕೆ ಸಸಿ ಬಡಕಲಾಗಿ ಉದ್ದಕ್ಕೆ ಎಳೆದುಕೊಳ್ಳುವುದನ್ನು ಕಂಡ ಕೃಷಿಕನಿಗೆ ಇದು ಅಪರಿಚಿತವೆನಿಸದು. ಗಿಡದ ಒಳಕಾರಣ ಬೇರೆ, ಕಣ್ಣಿನದು ಬೇರೆ. ಆದರೂ ಬೆಳಕಿನ ಕೊರತೆಯೆಂಬ ದೂರು ಎರಡರದೂ ಹೌದು. ತರಗತಿಯೊಳಗಿನ ಬೆಳಕು ಕೆಲವು ನೂರು ಲಕ್ಸ್. ಬಿಸಿಲಿನ ಬಯಲಿನಲ್ಲಿ ಅದು ಹತ್ತಾರು ಸಾವಿರ. ಮರದ ನೆರಳಿನಲ್ಲೂ ಸಾವಿರಗಳ ಲೆಕ್ಕವೇ. ಆದ್ದರಿಂದ ಮಕ್ಕಳನ್ನು ಸುಡುಬಿಸಿಲಿಗೆ ನಿಲ್ಲಿಸಬೇಕಾಗಿಲ್ಲ.

ಇದು ಬರಿಯ ಊಹೆಯಲ್ಲ. ಚೀನಾದ ಗ್ವಾಂಗ್‌ಝೌ ನಗರದ 12 ಪ್ರಾಥಮಿಕ ಶಾಲೆಗಳ ಪೈಕಿ ಅರ್ಧದಲ್ಲಿ ಒಂದನೆಯ ತರಗತಿಯಿಂದಲೇ ದಿನಕ್ಕೆ 40 ನಿಮಿಷಗಳ ಹೆಚ್ಚುವರಿ ಹೊರಾಂಗಣ ಅವಧಿ ಸೇರಿಸಲಾಯಿತು. ಮೂರು ವರ್ಷಗಳಲ್ಲಿ ಅಲ್ಲಿ ಹೊಸದಾಗಿ ಸಮೀಪದೃಷ್ಟಿ ತಗುಲಿದವರು ಶೇಕಡಾ 30.4; ಉಳಿದ ಶಾಲೆಗಳಲ್ಲಿ 39.5. ಇದು 2015ರಲ್ಲಿ ಪ್ರಕಟವಾದ ಫಲಿತಾಂಶ. ತೈವಾನ್ 2010ರಲ್ಲಿ ದಿನಕ್ಕೆ 120 ನಿಮಿಷ ಬಯಲಿನಲ್ಲಿರುವ ಕಾರ್ಯಕ್ರಮವನ್ನು ದೇಶವ್ಯಾಪಿಯಾಗಿ ಆರಂಭಿಸಿತು. ದೃಷ್ಟಿ ಕುಂದಿದ ಪ್ರಾಥಮಿಕ ಶಾಲಾಮಕ್ಕಳ ಪ್ರಮಾಣ 2012ರ ಶೇಕಡಾ 49.4ರಿಂದ 2015ಕ್ಕೆ 46.1ಕ್ಕೆ ಇಳಿಯಿತು. ಇಳಿಕೆ ಸಣ್ಣದೇ, ಆದರೆ ಅದಕ್ಕೆ ಮೊದಲು ಆ ಅಂಕಿ ಏರುತ್ತಲೇ ಇತ್ತು. ದೆಹಲಿಯ ಶಾಲಾಮಕ್ಕಳ 2015ರ ಅಧ್ಯಯನದಲ್ಲಿಯೂ ಶೇಕಡಾ 13.1 ಮಂದಿಗೆ ಈ ದೋಷ ಕಂಡುಬಂತು. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಹೊರಗೆ ಆಡುವವರಲ್ಲಿ ಅದು ಕಡಿಮೆಯಿತ್ತು.

ಹೀಗಿರುವಾಗ ಕರ್ನಾಟಕದ ಬೆಟ್ಟಸಾಲಿನ ಶಾಲೆಗಳು ಮಾಡುತ್ತಿರುವುದೇನು? 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಆಟದ ಮೈದಾನ ಇರಲೇಬೇಕೆಂದಿದೆ. ಮೈದಾನವಿದ್ದಲ್ಲಿಯೂ ದೈಹಿಕ ಶಿಕ್ಷಣದ ಅವಧಿಯನ್ನು ಗಣಿತವೋ ವಿಜ್ಞಾನವೋ ನುಂಗುತ್ತದೆ. ಹತ್ತನೆಯ ತರಗತಿಗೆ ಬಂದವರಿಗಂತೂ ಆಟವೇ ಅಪರಾಧ. ಪಿಯುಸಿ ವಸತಿ ಕಾಲೇಜುಗಳಲ್ಲಿ ನಸುಕಿನಿಂದ ರಾತ್ರಿಯವರೆಗೆ 'ಸ್ಟಡಿ ಅವರ್'. ಮೊಬೈಲು ನಿಷಿದ್ಧವೆಂದು ಹೆಮ್ಮೆಯಿಂದ ಫಲಕ ಹಾಕುವ ಸಂಸ್ಥೆಗಳೇ ಹಗಲನ್ನೂ ನಿಷೇಧಿಸಿವೆ. ಸುತ್ತ ಹಸಿರು ಬೆಟ್ಟ, ಬ್ಯಾಣ, ಗದ್ದೆಬಯಲು; ನಡುವೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ನಗರದ ಮಗುವಿನಂತೆಯೇ ಬೆಳೆಯುವ ಹಳ್ಳಿಯ ಮಗು.

ಮಳೆಗಾಲದ ನೆಪ ಸಿದ್ಧವಾಗಿಯೇ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಕ್ಕಳನ್ನು ಎಲ್ಲಿಗೆ ಬಿಡುವುದು? ಮೋಡ ಕವಿದ ಆಕಾಶದ ಬೆಳಕೂ ಕೋಣೆಯ ಬೆಳಕಿಗಿಂತ ಹಲವು ಪಟ್ಟು ಹೆಚ್ಚೆಂಬುದೇ ಅದಕ್ಕೆ ಉತ್ತರ. ಮಳೆ ಬಿಟ್ಟ ಗಳಿಗೆಗಳು ಇದ್ದೇ ಇವೆ, ಉಳಿದ ಎಂಟು ತಿಂಗಳೂ ಇವೆ. ಬಯಲಿನಲ್ಲಿ ಪಾಠ ಅಸಾಧ್ಯವೆನ್ನುವವರು 2020ರ ವಿದ್ಯಾಗಮವನ್ನು ನೆನೆಯಲಿ. ಕೊರೊನಾ ಕಾಲದಲ್ಲಿ ಇದೇ ರಾಜ್ಯದ ಸರ್ಕಾರಿ ಶಿಕ್ಷಕರು ಮರದಡಿಯಲ್ಲಿ, ದೇವಸ್ಥಾನದ ಅಂಗಳದಲ್ಲಿ ಮಕ್ಕಳನ್ನು ಕೂರಿಸಿ ಕಲಿಸಿದ್ದರು. ಅದೇ ವರ್ಷ ಚೀನಾದ ಫೀಚೆಂಗ್‌ನಲ್ಲಿ ಮನೆಯೊಳಗೆ ಬಂಧಿಯಾಗಿದ್ದ ಆರು ವರ್ಷದ ಮಕ್ಕಳ ಪೈಕಿ ಶೇಕಡಾ 21.5 ಮಂದಿಗೆ ಸಮೀಪದೃಷ್ಟಿ ಕಂಡುಬಂತು. ಹಿಂದಿನ ಐದು ವರ್ಷಗಳಲ್ಲಿ ಅದು 5.7 ದಾಟಿರಲಿಲ್ಲ.

ದೋಷ ಈಗಾಗಲೇ ತಗುಲಿದ ಮಗುವಿಗೆ ಬಯಲು ಔಷಧವಾಗದು. ಸರಿಯಾದ ಕನ್ನಡಕ ಬೇಕೇ ಬೇಕು. ಹೆಣ್ಣುಮಗಳಿಗೆ ಕನ್ನಡಕ ಬಂದರೆ ಮದುವೆಗೆ ಅಡ್ಡಿಯೆಂದು ಮುಚ್ಚಿಡುವುದು ಕ್ರೌರ್ಯ. ಪವರು ವಿಪರೀತ ಏರಿದ ಕಣ್ಣಿನಲ್ಲಿ ಅಕ್ಷಿಪಟಲ ಕಳಚಿಕೊಳ್ಳುವ ಅಪಾಯವೂ ಏರುತ್ತದೆ. ಆದ್ದರಿಂದಲೇ ಒಂದನೆಯ, ಎರಡನೆಯ ತರಗತಿಯ ಮಕ್ಕಳ ವಿಚಾರದಲ್ಲಿ ತಡ ಸಲ್ಲದು.

ಮುಂದಿನ ಎಸ್‌ಡಿಎಂಸಿ ಸಭೆಯಿರಲಿ, ಖಾಸಗಿ ಶಾಲೆಯ ಪಾಲಕರ ಸಭೆಯಿರಲಿ, ಮೊಬೈಲಿನ ಮೇಲಿನ ಉಪದೇಶ ಮುಗಿದ ಕೂಡಲೇ ಯಾರಾದರೊಬ್ಬರು ಎದ್ದು ನಿಂತು ವೇಳಾಪಟ್ಟಿಯನ್ನು ತರಿಸಲಿ. ಕಳೆದ ವಾರ ಆಟದ ಅವಧಿ ಯಾವ ವಿಷಯಕ್ಕೆ ಹೋಯಿತೆಂದು ಕೇಳಲಿ.