ಹಳೆಯ ಛಾವಣಿ, ಹೊಸ ಬೆಳಕು

ಜುಮಾ ನಮಾಝಿನ ಸಲಾಮ್ ಮುಗಿದೊಡನೆ ಇಬ್ಬರು ಸಾಲುಗಳ ನಡುವೆ ಚಾದರ ಹಿಡಿದು ಹೊರಡುತ್ತಾರೆ. ಮೈಕಿನಲ್ಲಿ ಜಮಾಅತಿನ ಪ್ರಕಟಣೆ ಕೇಳಿಬರುತ್ತದೆ: ಕರೆಂಟ್ ಬಿಲ್ ಬಾಕಿಯಿದೆ, ಸಹಕರಿಸಿ. ಚನ್ನರಾಯಪಟ್ಟಣವಿರಲಿ, ಹೊಳೆನರಸೀಪುರ ಅಥವಾ ಅರಕಲಗೂಡಿರಲಿ, ಈ ದೃಶ್ಯವನ್ನು ಕಾಣದ ಓದುಗರಿರಲಾರರು. ಆ ಚಾದರಕ್ಕೆ ಬೀಳುವ ಹತ್ತು ಇಪ್ಪತ್ತರ ನೋಟುಗಳು ಬಹುಪಾಲು ಗ್ಯಾರೇಜು, ಗುಜರಿ, ತೆಂಗಿನಕಾಯಿ ಮಂಡಿಗಳಲ್ಲಿ ದುಡಿಯುವವರ ಬೆವರಿನ ಹಣ. ಇದಕ್ಕೆ ಪರಿಹಾರವೆಂಬಂತೆ ಮಸೀದಿಗೆ ಸೋಲಾರ್ ಹಾಕಿಸೋಣ ಎಂಬ ಮಾತು ಈಗ ಹಲವೆಡೆ ಎದ್ದಿದೆ. ಒಳ್ಳೆಯ ಮಾತೇ. ಆದರೆ ಅದರ ಬೆನ್ನಿಗೇ, ಹಳೆಯ ಕಟ್ಟಡ ಇದನ್ನೆಲ್ಲ ತಾಳದು, ಕೆಡವಿ ಹೊಸದನ್ನೇ ಕಟ್ಟಿಬಿಡೋಣ ಎಂಬ ಇನ್ನೊಂದು ಮಾತೂ ಬರುತ್ತಿದೆ. ನಮ್ಮ ತಕರಾರು ಇರುವುದು ಈ ಎರಡನೆಯ ಮಾತಿನೊಂದಿಗೆ.

ಈ ಪ್ರಶ್ನೆಯನ್ನು ನಮಗಿಂತ ಮೊದಲೇ ಎದುರಿಸಿದವರು ಕ್ರೈಸ್ತ ಬಾಂಧವರು. ಚರ್ಚ್ ಆಫ್ ಇಂಗ್ಲೆಂಡ್ 2030ರೊಳಗೆ ತನ್ನ ಇಂಗಾಲದ ಹೊರಸೂಸುವಿಕೆಯನ್ನು ನಿವ್ವಳ ಶೂನ್ಯಕ್ಕೆ ಇಳಿಸುವ ಗುರಿಯನ್ನು 2020ರಲ್ಲಿ ಇಟ್ಟುಕೊಂಡಿತು. ಅದರ ಅಧೀನದಲ್ಲಿರುವ ಸುಮಾರು 16,000 ಚರ್ಚುಗಳಲ್ಲಿ ಬಹುಪಾಲು ಕಾನೂನಿನ ರಕ್ಷಣೆ ಪಡೆದ ಪುರಾತನ ಕಟ್ಟಡಗಳು. ಕೆಡವುವ ಮಾತೇ ಅಲ್ಲಿಲ್ಲ. ಗ್ಲೌಸೆಸ್ಟರ್ ನಗರದ ಕೆಥೆಡ್ರಲ್ 2016ರಲ್ಲಿ ತನ್ನ ಛಾವಣಿಯ ಮೇಲೆ 150 ಸೌರಫಲಕಗಳನ್ನು ಕೂರಿಸಿತು. ಅಂಚಿನ ಕೈಪಿಡಿ ಗೋಡೆಯ ಮರೆಯಲ್ಲಿರುವುದರಿಂದ ಕೆಳಗೆ ನಿಂತವರಿಗೆ ಅವು ಕಾಣುವುದಿಲ್ಲ. ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ಪ್ರಾರ್ಥನಾ ಮಂದಿರಕ್ಕೆ ಅಡಿಗಲ್ಲು ಬಿದ್ದದ್ದು 1446ರಲ್ಲಿ. ಅದರ ಮೇಲೆ 2023ರಲ್ಲಿ 438 ಫಲಕಗಳು ಬಂದವು. ಪಾರಂಪರಿಕ ಕಟ್ಟಡಗಳ ವಿಷಯದಲ್ಲಿ ಸರಕಾರಕ್ಕೆ ಸಲಹೆ ನೀಡುವ ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆ ಇದನ್ನು ಆಕ್ಷೇಪಿಸಿತ್ತು. ಬಹಿರಂಗ ವಾದವಿವಾದ ನಡೆದ ಬಳಿಕವೇ ನಗರಸಭೆ ಒಪ್ಪಿಗೆ ಕೊಟ್ಟಿತು. ನಮ್ಮವರು ಗಮನಿಸಬೇಕಾದ ಸಂಗತಿಯೆಂದರೆ, ಮೊದಲು ಆಯಸ್ಸು ತೀರಿದ ಸೀಸದ ಹೊದಿಕೆಯನ್ನು ತೆಗೆದು, ಅಡಿಯ ಮರವನ್ನು ದುರಸ್ತಿ ಮಾಡಿ, ಛಾವಣಿಯನ್ನು ಗಟ್ಟಿಗೊಳಿಸಿದರು; ಫಲಕಗಳ ಸರದಿ ಬಂದದ್ದು ಆಮೇಲೆ.

ಹಳ್ಳಿಯ ಪುಟ್ಟ ಪ್ಯಾರಿಷ್ ಚರ್ಚಿಗೂ ಅಲ್ಲಿ ಇದೇ ಶಿಸ್ತು. ಪಾದ್ರಿಯೂ ಸಮಿತಿಯೂ ತಮಗೆ ತೋಚಿದಂತೆ ಒಂದು ಮೊಳೆ ಹೊಡೆಯುವಂತಿಲ್ಲ. ಧರ್ಮಪ್ರಾಂತ್ಯದ ಸಲಹಾ ಸಮಿತಿ ಪರಿಶೀಲಿಸಬೇಕು, ಫ್ಯಾಕಲ್ಟಿ ಎಂಬ ಹೆಸರಿನ ಅನುಮತಿ ದೊರೆಯಬೇಕು. ಪೂರ್ವಾಭಿಮುಖವಾಗಿ ಕಟ್ಟುವ ಸಂಪ್ರದಾಯದಿಂದಾಗಿ ಚರ್ಚಿನ ಉದ್ದನೆಯ ಛಾವಣಿಯ ಒಂದು ಮಗ್ಗುಲು ತಾನಾಗಿಯೇ ದಕ್ಷಿಣದ ಬಿಸಿಲಿಗೆ ತೆರೆದುಕೊಂಡಿರುತ್ತದೆ. ಆದರೆ ಭಾನುವಾರ ಮಾತ್ರ ಜನ ಸೇರುವ ಚರ್ಚಿಗೆ ವಾರವಿಡೀ ಉತ್ಪಾದನೆಯಾಗುವ ವಿದ್ಯುತ್ತಿನಿಂದೇನು ಲಾಭ ಎಂಬ ಪ್ರಶ್ನೆ ಅವರನ್ನು ಕಾಡಿದೆ. ದಿನಕ್ಕೆ ಐದು ಬಾರಿ ಜನ ಸೇರುವ, ಮಗ್ಗುಲಲ್ಲೇ ಮದ್ರಸವೂ ನಡೆಯುವ ನಮ್ಮ ಮಸೀದಿಗಳಿಗೆ ಆ ತೊಡಕು ಅಷ್ಟಿಲ್ಲ.

ಮುಸ್ಲಿಮ್ ಜಗತ್ತಿನಲ್ಲಿ ಉದಾಹರಣೆ ಬೇಕೆನ್ನುವವರು ಮೊರೊಕ್ಕೊವನ್ನು ನೋಡಲಿ. ಮರಾಕೆಶ್‌ನ ಕುತುಬಿಯ್ಯಾ ಮಸೀದಿ 12ನೇ ಶತಮಾನದ್ದು, ಇಂದು ಅದರ ಮೇಲೂ ಸೌರಫಲಕಗಳಿವೆ. ಅಲ್ಲಿನ ಔಕಾಫ್ ಸಚಿವಾಲಯ ಜರ್ಮನಿಯ ನೆರವಿನೊಂದಿಗೆ ಮಸೀದಿಗಳಲ್ಲಿ ಕೈಗೊಂಡ ಈ ಕೆಲಸದಲ್ಲಿ ಹೆಚ್ಚು ವಿದ್ಯುತ್ ತಿನ್ನುವ ಬಲ್ಬುಗಳನ್ನು ಬದಲಾಯಿಸುವುದೂ ಸೇರಿತ್ತು.

ಇನ್ನು ನಮ್ಮ ಜಿಲ್ಲೆಗೆ ಬರೋಣ. ಹಾಸನದ ಚರ್ಚುಗಳ ಪೈಕಿ ಹೊರಗಿನವರಿಗೆ ಹೆಚ್ಚು ಪರಿಚಿತವಾದ ಶೆಟ್ಟಿಹಳ್ಳಿಯ ಚರ್ಚಿಗೆ ಛಾವಣಿಯೇ ಇಲ್ಲ. 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಅದು ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗುತ್ತದೆ, ಬೇಸಗೆಗೆ ಏಳುತ್ತದೆ. ಸುತ್ತಲಿನ ಜನ ಒಕ್ಕಲೆದ್ದು ಹೋದರು. ಇಂದು ಛಾಯಾಚಿತ್ರ ತೆಗೆಯುವವರಿಗೆ ಅದು ಅಚ್ಚುಮೆಚ್ಚು. ನೀರಿಗೆ ಸಿಕ್ಕಿದ್ದಕ್ಕೆ ಅದು ಹಾಗಾಯಿತು. ನಮ್ಮ ಪಟ್ಟಣಗಳ ಹಳೆಯ ಮಸೀದಿಗಳನ್ನಾದರೋ ನೀರಲ್ಲ, ನಮ್ಮ ಉತ್ಸಾಹವೇ ನುಂಗುತ್ತಿದೆ. ಗಾರೆಯ ಗೋಡೆ, ಮರದ ತೊಲೆ, ಹೆಂಚಿನ ಮಾಡು ಇದ್ದ ತಣ್ಣನೆಯ ಮಸೀದಿಗಳನ್ನು ಒಡೆದು, ಕಾಂಕ್ರೀಟಿನ ಮೇಲೆ ಅಮೃತಶಿಲೆ ಹಾಸಿ, ಆಮೇಲೆ ಸೆಖೆ ತಡೆಯಲಾಗದೆ ಏಸಿ ಹಾಕಿಸಿ, ಅದರ ಬಿಲ್ಲಿಗಾಗಿ ಚಾದರ ಹಿಡಿಯುತ್ತಿದ್ದೇವೆ! ಶ್ರೀರಂಗಪಟ್ಟಣದ ಮಸ್ಜಿದೆ ಆಲಾದಂತಹವು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಮೊಹಲ್ಲಾದ ನೂರು ವರ್ಷದ ಮಸೀದಿಗಳು ಹೆಚ್ಚಾಗಿ ಯಾವ ಪಟ್ಟಿಯಲ್ಲಿಯೂ ಇಲ್ಲ. ಕೇಂಬ್ರಿಜ್‌ನಲ್ಲಿ ಆಕ್ಷೇಪಿಸುವವರಿದ್ದರು. ನಮ್ಮಲ್ಲಿ ಆಕ್ಷೇಪಿಸಿದವನನ್ನು ಅಭಿವೃದ್ಧಿ ವಿರೋಧಿ ಎನ್ನುತ್ತೇವೆ.

ಹಾಗೆಂದು ಹಳೆಯ ಮಾಡಿನ ಮೇಲೇ ಫಲಕ ಬಿಗಿಯಿರಿ ಎಂದು ನಾವು ಹೇಳುತ್ತಿಲ್ಲ. ಒಂದೊಂದು ಫಲಕ ಇಪ್ಪತ್ತು ಕಿಲೋಗೂ ಮಿಕ್ಕಿ ತೂಗುತ್ತದೆ, ಗಾಳಿ ಅದನ್ನು ಮೇಲೆತ್ತಲು ನೋಡುತ್ತದೆ. ಗಾರೆ ತಾರಸಿಗೆ ಡ್ರಿಲ್ಲು ಇಳಿಸಿದರೆ ಮುಂದಿನ ಮುಂಗಾರಿಗೇ ಸೋರಿಕೆ. ಆದರೆ ಮಸೀದಿಗೆ ಸೇರಿದ ಅಂಗಡಿ ಸಾಲು, ಮದ್ರಸ, ಶಾದಿ ಮಹಲ್ ಇವುಗಳ ಕಾಂಕ್ರೀಟ್ ತಾರಸಿಗಳು ಖಾಲಿ ಬಿದ್ದಿಲ್ಲವೇ? ಸಮತಟ್ಟಾದ ತಾರಸಿಯ ಮೇಲೆ ಫಲಕಗಳನ್ನು ದಕ್ಷಿಣಕ್ಕೆ ವಾಲಿಸಬಹುದು. ಮಿನಾರಿನ ಅಥವಾ ಪಕ್ಕದ ತೆಂಗಿನ ಮರದ ನೆರಳು ಬೀಳದಂತೆ ನೋಡಿಕೊಂಡರಾಯಿತು. ಐದು ಕಿಲೋವ್ಯಾಟ್‌ಗೆ ಸುಮಾರು 500 ಚದರ ಅಡಿ ಸಾಕು, ದಿನಕ್ಕೆ ಸರಾಸರಿ 20 ಯೂನಿಟ್ ಸಿಗುತ್ತದೆ. ಹಗಲಿನಲ್ಲಿ ಮಿಕ್ಕ ವಿದ್ಯುತ್ತನ್ನು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ತಂತಿಗೆ ಬಿಟ್ಟು, ಇಶಾ ಮತ್ತು ಫಜ್ರ್‌ಗೆ ಬೇಕಾದುದನ್ನು ಅಲ್ಲಿಂದಲೇ ಪಡೆದು ಲೆಕ್ಕ ಹೊಂದಿಸುವ ವ್ಯವಸ್ಥೆಗೆ ನೆಟ್ ಮೀಟರಿಂಗ್ ಎನ್ನುತ್ತಾರೆ. ಒಂದು ತಪ್ಪು ಕಲ್ಪನೆ ಬೇಡ: ಬ್ಯಾಟರಿಯಿಲ್ಲದ ಈ ಬಗೆಯ ಸೋಲಾರ್, ಕರೆಂಟ್ ಹೋದಾಗ ತಾನೂ ನಿಂತುಹೋಗುತ್ತದೆ. ಅಝಾನಿನ ಮೈಕಿಗೆ ಯುಪಿಎಸ್ ಬೇಕೇ ಬೇಕು. ಇದಕ್ಕೆಲ್ಲ ಮೊದಲು ಹಳೆಯ ಫ್ಯಾನುಗಳನ್ನು ನೋಡಿರಿ. 75 ವ್ಯಾಟಿನ ಫ್ಯಾನಿನ ಜಾಗದಲ್ಲಿ 30 ವ್ಯಾಟಿನವು ಬಂದರೆ ಮೂವತ್ತು ಫ್ಯಾನುಗಳಿಗೆ ಒಂದೂಕಾಲು ಕಿಲೋವ್ಯಾಟಿಗೂ ಹೆಚ್ಚು ಉಳಿಯುತ್ತದೆ.

ಹಣವೆಲ್ಲಿಂದ? 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯ ನೆರವು ವಾಸದ ಮನೆಗಳಿಗೆ. ಮೂರು ಕಿಲೋವ್ಯಾಟಿನ ಮನೆಗೆ ಗರಿಷ್ಠ ರೂ. 78,000. ಆರಾಧನಾಲಯಗಳು ಅದರಲ್ಲಿಲ್ಲ, ಕಾದು ಕೂರುವುದು ವ್ಯರ್ಥ. ಝಕಾತನ್ನೂ ಇದಕ್ಕೆ ಮುಟ್ಟುವಂತಿಲ್ಲ. ಅದು ಬಡವರ ಹಕ್ಕು, ಮಸೀದಿ ಕಟ್ಟಡಕ್ಕೆ ಸಲ್ಲದೆಂಬುದು ಬಹುಸಂಖ್ಯಾತ ಫುಕಹಾಗಳ ನಿಲುವು. ಉಳಿಯುವುದು ಸದಕ ಮತ್ತು ವಕ್ಫ್. ಪ್ರವಾದಿಯವರ(ಸ) ಕಾಲದಲ್ಲಿ ಮಸೀದಿಯಲ್ಲಿ ಮೊದಲು ದೀಪ ಹಚ್ಚಿದವರು ತಮೀಮುದ್ದಾರಿ(ರ) ಎಂಬ ವರದಿ ಇಬ್ನು ಮಾಜಃದಲ್ಲಿದೆ. ಇಸ್ಲಾಮ್ ಸ್ವೀಕರಿಸುವುದಕ್ಕೆ ಮೊದಲು ಅವರು ಕ್ರೈಸ್ತರಾಗಿದ್ದರು ಎಂಬುದನ್ನೂ ಇಲ್ಲಿ ನೆನೆಯಬಹುದು. ಆನಂತರದ ಶತಮಾನಗಳಲ್ಲಿ ಮಸೀದಿಯ ದೀಪದೆಣ್ಣೆಗಾಗಿ ಜಮೀನು, ಅಂಗಡಿಗಳನ್ನು ವಕ್ಫ್ ಮಾಡಿದವರು ಅಸಂಖ್ಯ. ನಮ್ಮ ನಾಡಿನ ಶಾಸನಗಳಲ್ಲಿಯೂ ನಂದಾದೀಪಕ್ಕೆಂದು ಭೂಮಿ ಬಿಟ್ಟ ದಾಖಲೆಗಳು ಹೇರಳವಾಗಿವೆ. ಅವರು ದೀಪದ ಕಂಬವನ್ನಷ್ಟೇ ಕೊಡಲಿಲ್ಲ, ಎಣ್ಣೆಗೂ ವ್ಯವಸ್ಥೆ ಮಾಡಿದರು.

ನಮ್ಮ ದಾನಿಗಳಾದರೋ ಕಂಬವನ್ನು ಮಾತ್ರ ಕೊಡುತ್ತಾರೆ, ಅದರ ಮೇಲೆ ತಂದೆಯ ಹೆಸರಿನ ಫಲಕವನ್ನೂ ಹಾಕಿಸುತ್ತಾರೆ. ಐದು ಕಿಲೋವ್ಯಾಟಿಗೆ ತಗಲುವ ಸುಮಾರು ಎರಡೂವರೆ ಮೂರು ಲಕ್ಷವನ್ನು ಒಬ್ಬಿಬ್ಬರು ಶ್ರೀಮಂತರೋ ಕೊಲ್ಲಿಯಲ್ಲಿರುವ ಊರ ಮಕ್ಕಳೋ ಭರಿಸಿಯಾರು. ಧೂಳು ಒರೆಸುವವರಾರು? ಫಲಕ ಇಪ್ಪತ್ತೈದು ವರ್ಷ ಬಾಳಿದರೂ ಹತ್ತು ವರ್ಷದ ಹೊತ್ತಿಗೆ ಇನ್ವರ್ಟರ್ ಬದಲಿಸಬೇಕಾಗುತ್ತದೆ; ಅದಕ್ಕೆ ಹಣವೆಲ್ಲಿದೆ? ಆದ್ದರಿಂದ ಸೋಲಾರಿಗೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದು, ಬಿಲ್ಲಿನಲ್ಲಿ ಉಳಿದ ಮೊತ್ತವನ್ನು ತಿಂಗಳು ತಿಂಗಳು ಅದಕ್ಕೆ ಜಮೆ ಮಾಡಿ, ಲೆಕ್ಕವನ್ನು ನಮಾಝಿನ ವೇಳಾಪಟ್ಟಿಯ ಪಕ್ಕದಲ್ಲೇ ತೂಗುಹಾಕಬೇಕೆಂಬುದು ನಮ್ಮ ಸಲಹೆ. ಮುಂದಿನ ಜಮಾಅತ್ ಸಭೆಗೆ ಸೋಲಾರಿನ ಏಜೆಂಟರಿಗಿಂತ ಮೊದಲು, ಗಾರೆ ಕೆಲಸ ಬಲ್ಲ ಒಬ್ಬ ಮೇಸ್ತ್ರಿಯನ್ನು ಕರೆಸಿ ಹಳೆಯ ಮಾಡನ್ನು ತೋರಿಸಲಿ.