ಲೆಕ್ಕ ಬಾರದವನನ್ನೇ ಗಲ್ಲಾದಲ್ಲಿ ಕೂರಿಸುವ ನಾವು

ಎಸೆಸೆಲ್ಸಿ ಫಲಿತಾಂಶ ಬಂದ ವಾರ ನಮ್ಮ ಮನೆಗಳಲ್ಲಿ ಒಂದೇ ಪ್ರಶ್ನೆ: ‘ಲೆಕ್ಕದಲ್ಲಿ ಎಷ್ಟು ಬಂತು?’ ಪಾಸಿನ ಅಂಚಿಗೆ ಬಂದು ನಿಂತಿದ್ದರೆ ಉಪ್ಪನ ತೀರ್ಮಾನ ರೆಡಿ. ‘ಓದಿದ್ದು ಸಾಕು, ನಾಳೆಯಿಂದ ಗಲ್ಲಾಕ್ಕೆ ಬಾ.’ ಲೆಕ್ಕ ಬಾರದ ಹುಡುಗನನ್ನು ದಿನವಿಡೀ ಲೆಕ್ಕ ಮಾಡುವ ಜಾಗಕ್ಕೇ ಕರೀತೇವಲ್ಲ, ಇದೆಂಥ ನ್ಯಾಯವೋ! ಹುಡುಗಿಯಾದರೆ ಗಲ್ಲಾದ ಮಾತೂ ಇಲ್ಲ, ನೇರ ಅಡುಗೆಮನೆ.

ಘಟ್ಟ ಹತ್ತಿ ಬಂದು ಗಂಗಾವತಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾದಲ್ಲಿ ಬೇಕರಿ, ಹೋಟೆಲು ಇಟ್ಟ ನಮ್ಮವರು ನೆಲೆ ನಿಂತದ್ದು ಬರೀ ಲೆಕ್ಕದಿಂದಲ್ಲ. ಭತ್ತದ ದುಡ್ಡು ಕೈಗೆ ಬರುವ ತನಕ ಉದ್ರಿ ಕೇಳುವ ರೈತನ ಮುಖ ನೋಡಿಯೇ ಕೊಡಬಹುದಾ, ಬೇಡವಾ ಎಂದು ಹೇಳಬಲ್ಲವರು ಅವರು. ‘ಬ್ಯಾರಿ’ ಎಂಬ ಹೆಸರೇ ವ್ಯಾಪಾರ ಎಂಬರ್ಥದ ‘ಬ್ಯಾರ’ದಿಂದ ಬಂತು ಎನ್ನುವವರೂ ಇದ್ದಾರೆ. ಇಲ್ಲಿ ಬೆಳೆದ ಮಗು ಮನೆಯಲ್ಲಿ ಬ್ಯಾರಿ, ಓಣಿಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ ಆಡ್ತದೆ. ಗಿರಾಕಿ ಬಂದರೆ ‘ಏನ್ ಬೇಕ್ರೀ ಯಜಮಾನ್ರ’ ಅಂತದೆ. ಇದಕ್ಕೆ ಮಾರ್ಕ್ಸ್ ಕಾರ್ಡಿನಲ್ಲಿ ಕಾಲಂ ಇಲ್ಲ.

ಆದರೆ ಕೆಲಸ ಇದೆ. ಕೊಪ್ಪಳದಲ್ಲಿ 2015ರಿಂದ ಸರ್ಕಾರಿ ಮೆಡಿಕಲ್ ಕಾಲೇಜು ನಡೀತಿದೆ. ಯಲಬುರ್ಗಾ ಕಡೆಯ ಹಳ್ಳಿಯ ಮುದುಕಿಯೊಬ್ಬಳು ಚೀಟಿ ಹಿಡಿದು ಜಿಲ್ಲಾಸ್ಪತ್ರೆಯ ಬಾಗಿಲಲ್ಲಿ ನಿಂತಳೆಂದುಕೊಳ್ಳಿ. ಯಾವ ರೂಮು, ಯಾವ ಸಾಲು, ಗುಳಿಗೆ ಊಟಕ್ಕೆ ಮುಂಚೆಯೋ ಆಮೇಲೋ, ಅವಳಿಗೆ ತಿಳಿಯದು. ಅವಳದೇ ಮಾತಿನಲ್ಲಿ ಎರಡು ಸಲ ಬಿಡಿಸಿ ಹೇಳುವ ನರ್ಸ್ ಸಿಕ್ಕಿದರೆ ಅರ್ಧ ಕಾಯಿಲೆ ಅಲ್ಲೇ ಇಳೀತದೆ. ಪಿಯುಸಿ ಆರ್ಟ್ಸ್ ಓದಿ ಇಂಗ್ಲಿಷ್ ಪಾಸಾದವರಿಗೂ ಮೂರು ವರ್ಷದ ಜಿಎನ್ಎಂ ನರ್ಸಿಂಗಿಗೆ ದಾರಿಯಿದೆ. ಬಿಎಸ್‌ಡಬ್ಲ್ಯು, ಎಂಎಸ್‌ಡಬ್ಲ್ಯು ಮಾಡಿದವರಿಗೆ ಸಖಿ ಕೇಂದ್ರದಲ್ಲಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಆಪ್ತ ಸಮಾಲೋಚಕರ ಹುದ್ದೆಗಳಿವೆ. ಪಿಯುಸಿ ಮುಗಿಸಿ ಐದು ವರ್ಷ ಕಾನೂನು ಓದಬಹುದು. ಡಿ.ಇಎಲ್.ಇಡಿ ಎರಡೇ ವರ್ಷ.

ಸುಳ್ಳು ಆಸೆ ಹುಟ್ಟಿಸುವುದು ಬೇಡ. ಸಮಾಲೋಚಕರ ಹುದ್ದೆ ಹೆಚ್ಚಿನವು ಗುತ್ತಿಗೆಯವು, ಸಂಬಳ ಸಣ್ಣದು. ನರ್ಸ್ ಆದವಳು ಔಷಧದ ಪ್ರಮಾಣ ಲೆಕ್ಕ ಹಾಕಲೇಬೇಕು, ಅಲ್ಲಿ ತಪ್ಪಿದರೆ ಜೀವದ ಮಾತು. ಹಾಗಾಗಿ ಗಣಿತವನ್ನು ಪೂರ್ತಿ ಕೈಬಿಡೋ ಹಾಗಿಲ್ಲ. ಫೇಲಾದವರು ಅದೇ ವರ್ಷ ಮತ್ತೆ ಬರೆಯಬಹುದು.

ಇನ್ನೊಂದು ಮುಖ್ಯ ವಿಷಯ, ನಮ್ಮವರು ಹೆಚ್ಚಾಗಿ ಕಡೆಗಣಿಸುವುದು. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ಪ್ರಕಾರ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ. 70 ಸೀಟು, ಇಲ್ಲಿನ ಸಿ ಗುಂಪಿನ ಹುದ್ದೆಗಳಲ್ಲಿ ಶೇ. 80 ಸ್ಥಳೀಯರಿಗೆ ಮೀಸಲು. ಅದಕ್ಕೆ ಉಪವಿಭಾಗಾಧಿಕಾರಿ ಕೊಡುವ ಪ್ರಮಾಣಪತ್ರ ಬೇಕು. ನಮಗೋ, ಊರು ಯಾವುದು ಅಂದರೆ ಇವತ್ತಿಗೂ ಬಂಟ್ವಾಳ, ಉಳ್ಳಾಲ. ರೇಷನ್ ಕಾರ್ಡೂ ಅಲ್ಲೇ ಬಿಟ್ಟವರಿದ್ದಾರೆ. ಸೀಟಿನ ಅರ್ಜಿ ಹಾಕುವ ದಿನ ಕಾಗದ ಹುಡುಕಿ ಪ್ರಯೋಜನ ಇಲ್ಲ. ಮಕ್ಕಳ ಜನನ ಪತ್ರ, ಶಾಲೆಯ ವ್ಯಾಸಂಗ ಪತ್ರ, ಇಲ್ಲಿನ ವಾಸದ ದಾಖಲೆ ಹಿಡಿದು ಈ ವಾರವೇ ನಾಡಕಚೇರಿಗೆ ಹೋಗಿ, ನಿಮ್ಮ ಮಕ್ಕಳು ಅರ್ಹರೇ ಅಂತ ವಿಚಾರಿಸಿ. ಮಗಳನ್ನೂ ಕರ್ಕೊಂಡು ಹೋಗಿ. ಕೌಂಟರಿನಲ್ಲಿ ಮಾತು ಅವಳೇ ಆಡಲಿ.